ವಾರ್ಡ್‌ರೋಬ್ ಮಾಡಿಸಬೇಕು: ತೇಗವೋ, ಪ್ಲೈವುಡ್ಡೋ? ಯಾವುದರಿಂದ ಕಾಡಿಗೆ ಕಡಿಮೆ ಪೆಟ್ಟು?

ಕೆಂಗೇರಿಯವಳು
ಎಲ್ಲರಿಗೂ ನಮಸ್ಕಾರ. ಹೊಸ ಫ್ಲಾಟ್‌ಗೆ ಎರಡು ವಾರ್ಡ್‌ರೋಬ್, ಒಂದು ಮಂಚ, ಒಂದು ಊಟದ ಮೇಜು ಮಾಡಿಸಬೇಕು. ಕಾರ್ಪೆಂಟರ್ "ಪ್ಲೈವುಡ್ ಮೇಲೆ ಲ್ಯಾಮಿನೇಟ್ ಹಾಕ್ಸಿ ಮೇಡಂ, ಈಗ ಎಲ್ಲರೂ ಅದನ್ನೇ ಮಾಡ್ಸೋದು" ಅನ್ನುತ್ತಾರೆ. ಅತ್ತೆ ತೇಗ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಗೆಳತಿಯೊಬ್ಬಳು ತೇಗ ಅಂದ ತಕ್ಷಣ "ಕಾಡು ಕಡಿಸ್ತೀಯಾ?" ಅಂತ ಮುಖ ಸಿಂಡರಿಸಿದಳು. ಅವಳ ಮನೆ ತುಂಬ ಎಂಡಿಎಫ್ (ಮರದ ನಾರಿಗೆ ಅಂಟು ಬೆರೆಸಿ ಒತ್ತಿದ ಹಲಗೆ) ಇದೆ, ಆ ಮಾತು ಬೇರೆ.

ಯಾವುದು ಕಡಿಮೆ ಹಾನಿ? "ಏನೂ ಕೊಳ್ಳಬೇಡಿ, ನೆಲದ ಮೇಲೆ ಮಲಗಿ" ಅನ್ನುವ ಉತ್ತರ ಬೇಡ ದಯವಿಟ್ಟು. ಮಗುವಿದೆ, ಬಟ್ಟೆ ರಾಶಿ ಇದೆ.

ಲೆಕ್ಕದಮೇಷ್ಟ್ರು
ಮೊದಲು ಒಂದು ಸಣ್ಣ ಲೆಕ್ಕ. ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. 60 ಕೆಜಿಯ ಮಂಚ ಅಂದುಕೊಳ್ಳಿ. ತೇವ ಕಳೆದರೆ ಸುಮಾರು 54 ಕೆಜಿ ಒಣ ಮರ. ಅದರಲ್ಲಿ 27 ಕೆಜಿ ಇಂಗಾಲ. ಗಾಳಿಯಲ್ಲಿದ್ದಾಗ ಅದು ಸುಮಾರು 100 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿತ್ತು. ಮಂಚ ಇರುವಷ್ಟು ಕಾಲ ಅದು ಮಂಚದೊಳಗೇ ಇರುತ್ತದೆ. ಸುಟ್ಟರೆ, ಕೊಳೆತರೆ ವಾಪಸ್ ಗಾಳಿಗೆ.

ಆದರೆ ದಿಮ್ಮಿ ಪೂರ್ತಿ ಮಂಚವಾಗುವುದಿಲ್ಲ. ಸಾ ಮಿಲ್‌ನಲ್ಲಿ ಕೊಯ್ದಾಗ ಸುಮಾರು ಅರ್ಧ ಮಾತ್ರ ಹಲಗೆಯಾಗುತ್ತದೆ. ಉಳಿದದ್ದು ಹೊಟ್ಟು, ಸಿಪ್ಪೆ, ಚೂರು. ಅದರಲ್ಲಿ ಬಹುಪಾಲು ಯಾವುದೋ ಒಲೆಗೆ ಹೋಗುತ್ತದೆ. ಹಾಗಾಗಿ ನಾನು ಮೊದಲು ಕೇಳುವುದು, ಮಾಡಿಸಿದ ವಸ್ತು ಎಷ್ಟು ವರ್ಷ ಮನೆಯಲ್ಲಿರುತ್ತದೆ ಅಂತ. ಮರದ ಹೆಸರು ಆಮೇಲೆ.

ಕೀಸುಳಿ
ಮೇಷ್ಟ್ರು ಹೇಳಿದ್ದು ಸರಿ. ನಮ್ಮದು ಕಾರ್ಕಳ ಕಡೆ, ಅಪ್ಪ ಆಚಾರಿ ಕೆಲಸದವರು, ನಾನೂ ಅದರಲ್ಲೇ ಇದ್ದೇನೆ. ಊರಲ್ಲಿ ಅಜ್ಜನ ಕಾಲದ ಹಲಸಿನ ಮರದ ಪತ್ತಾಯ, ಅಂದರೆ ಭತ್ತ ತುಂಬಿಡುವ ದೊಡ್ಡ ಪೆಟ್ಟಿಗೆ, ಇತ್ತು. ಒಂದು ಕಬ್ಬಿಣದ ಮೊಳೆ ಇಲ್ಲ. ಹಲಗೆಗೆ ಹಲಗೆ ಕಚ್ಚಿಸಿ ಬಿದಿರಿನ ಮೊಳೆ ಹೊಡೆದದ್ದು. ಭತ್ತ ಬೆಳೆಯುವುದು ನಿಂತ ಮೇಲೆ ಅದನ್ನು ಬಿಚ್ಚಿ, ಕೀಸಿ, ಎರಡು ಬೆಂಚು ಮತ್ತು ದೇವರ ಮನೆಯ ಬಾಗಿಲು ಮಾಡಿದೆವು. ಒಳಗಡೆ ಹಲಸಿನ ಹಳದಿ ಹಾಗೇ ಇತ್ತು ಮಾರಾಯ್ರೇ.

ಈಗ ಎಂಡಿಎಫ್ ಬಾಗಿಲು ನೋಡಿ. ಕೀಲು ಸಡಿಲವಾಯಿತು ಅಂತ ಕರೆಯುತ್ತಾರೆ. ಹೋಗಿ ನೋಡಿದರೆ ಸ್ಕ್ರೂ ಕೂತಿದ್ದ ತೂತು ಪುಡಿಯಾಗಿರುತ್ತದೆ. ಅಲ್ಲಿ ಬೆಂಕಿಕಡ್ಡಿ ತುರುಕಿ, ಫೆವಿಕಾಲ್ ಹಾಕಿ, ಸ್ಕ್ರೂ ತಿರುಗಿಸಿ ಬರುತ್ತೇವೆ. ಒಂದು ವರ್ಷ ನಿಂತರೆ ಪುಣ್ಯ. ಮನೆ ಒರೆಸುವ ನೀರು ತಳಕ್ಕೆ ತಾಗುತ್ತಾ ತಾಗುತ್ತಾ ಉಬ್ಬುತ್ತದೆ. ಉಬ್ಬಿದ ಮೇಲೆ ಅದನ್ನು ಕೀಸುವ ಹಾಗಿಲ್ಲ, ಬೇರೆ ಏನೂ ಮಾಡುವ ಹಾಗಿಲ್ಲ. ರಿಪೇರಿ ಆಗದ ವಸ್ತು ಅಂದರೆ ಇನ್ನೊಂದು ಮರಕ್ಕೆ ಮುಂಗಡ ಕೊಟ್ಟ ಹಾಗೆ.

ಸುಮ್ನೆಬಂದೆ
ಹಾಗಾದರೆ ತೇಗವೇ ಗೆದ್ದಿತು. ಅತ್ತೆಗೆ ಜೈ.

ಅಡಕೆತೋಟ
ಅಷ್ಟು ಬೇಗ ಜೈ ಅನ್ನಬೇಡಿ. ನಾನು ಶಿರಸಿ ಕಡೆಯವನು. ತೇಗ ಅಂದರೆ ಎಲ್ಲರೂ ಕಾಡಿನ ಮರ ಅಂದುಕೊಳ್ಳುತ್ತಾರೆ. ಹೌದು, ನಮ್ಮ ಕಾಡಲ್ಲೂ ಇತ್ತು, ಹಳಿಯಾಳ, ದಾಂಡೇಲಿ ಕಡೆ ಚೆನ್ನಾಗಿಯೇ ಇತ್ತು. ಆದರೆ ಬ್ರಿಟಿಷರಿಗೆ ಹಡಗಿಗೆ ತೇಗ ಬೇಕಾಯಿತು, ಆಮೇಲೆ ರೈಲ್ವೆಗೆ ಮರ ಬೇಕಾಯಿತು. ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲೇ ತೇಗದ ನೆಡುತೋಪು ಎಬ್ಬಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಅದೇ ದಾರಿ. ನಮ್ಮ ಜಿಲ್ಲೆಯಲ್ಲಿ ನೂರಾರು ಜಾತಿ ಮರ ಇದ್ದ ಕಾಡನ್ನು ಬೋಳಿಸಿ ಸಾಲಾಗಿ ತೇಗ ನೆಟ್ಟರು.

ತೇಗದ ತೋಪಿಗೆ ಬೇಸಿಗೆಯಲ್ಲಿ ಹೋಗಿ ನೋಡಿ. ಎಲೆ ಪೂರ್ತಿ ಉದುರಿ ನೆಲದ ಮೇಲೆ ಗರಿಗರಿ ಬಿದ್ದಿರುತ್ತದೆ. ಒಂದು ಬೀಡಿ ತುಂಡು ಸಾಕು ಬೆಂಕಿಗೆ. ಮಳೆಗಾಲದಲ್ಲಿ ಆ ಅಗಲ ಎಲೆಯಿಂದ ಹನಿ ದೊಡ್ಡದಾಗಿ ಬಿದ್ದು ಮಣ್ಣು ಕೊಚ್ಚುತ್ತದೆ, ಯಾಕೆಂದರೆ ಕೆಳಗೆ ಹಿಡಿದುಕೊಳ್ಳಲು ಗಿಡಗಂಟಿ ಇಲ್ಲ. ತೋಟಕ್ಕೆ ಬೇಕಾದ ಸೊಪ್ಪು ಸಿಗುವುದಿಲ್ಲ. ಉಪ್ಪಾಗೆ ಇಲ್ಲ, ಮುರುಗಲು ಇಲ್ಲ, ಜೇನೂ ಇಲ್ಲ.

1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡದ್ದು ಸುಮ್ನೆ ಅಲ್ಲ. ಕಾಗದ, ಪ್ಲೈವುಡ್, ವಿದ್ಯುತ್ ಯೋಜನೆ, ಈ ಮೂರು ಸೇರಿ ಜಿಲ್ಲೆಯ ಕಾಡು ತಿಂದವು ಅಂತ ಆ ಅಪ್ಪಿಕೋ ಚಳವಳಿಯವರು ಹೇಳುತ್ತಿದ್ದರು. ನೋಡಿ, ಅದರಲ್ಲಿ ಪ್ಲೈವುಡ್ಡೂ ಇದೆ.

ಅಂಟುಕೆಲಸ
ಅಡಕೆತೋಟ ಅವರೇ, 1983ರ ಪ್ಲೈವುಡ್ ಬೇರೆ, ಈಗಿನದು ಬೇರೆ. ನಾನು ಪ್ಲೈವುಡ್ ಕಾರ್ಖಾನೆಯಲ್ಲಿ ಅಂಟಿನ ವಿಭಾಗ ನೋಡಿಕೊಳ್ಳುತ್ತೇನೆ. ಆಗ ಪಶ್ಚಿಮ ಘಟ್ಟದ ಧೂಪದಂಥ ದೊಡ್ಡ ಮರಗಳೇ ಬರುತ್ತಿದ್ದವು. 1988ರ ಅರಣ್ಯ ನೀತಿ ಕಾರ್ಖಾನೆಗಳಿಗೆ "ನಿಮ್ಮ ಮರ ನೀವೇ ಬೆಳೆಸಿಕೊಳ್ಳಿ, ರೈತರಿಂದ ಕೊಳ್ಳಿ" ಅಂದಿತು. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ಸರ್ಕಾರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಲ್ಲಿ ಮರ ಕಡಿಯುವ ಹಾಗಿಲ್ಲ ಅಂತಾಯಿತು. ಲೈಸೆನ್ಸ್ ಇಲ್ಲದ ಸಾ ಮಿಲ್‌ಗಳಿಗೆ ಬೀಗ ಬಿತ್ತು. ಈಶಾನ್ಯ ರಾಜ್ಯಗಳ ಪ್ಲೈವುಡ್ ಉದ್ಯಮವಂತೂ ಕುಸಿದೇ ಹೋಯಿತು.

ಆಮೇಲೆ ಉದ್ಯಮ ಹೊಲಗಳ ಕಡೆ ಬಂತು. ಹರಿಯಾಣದ ಯಮುನಾನಗರದಲ್ಲಿ ರೈತರ ಪಾಪ್ಲರ್, ನೀಲಗಿರಿ. ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರ. ನಮ್ಮಲ್ಲಿ ಸಿಲ್ವರ್ ಓಕ್, ಹೆಬ್ಬೇವು, ನೀಲಗಿರಿ. ದಿಮ್ಮಿಯನ್ನು ಯಂತ್ರಕ್ಕೆ ಕೂರಿಸಿ ತಿರುಗಿಸುತ್ತಾ ಪದರ ಪದರವಾಗಿ ಸುಲಿಯುತ್ತೇವೆ. ಗರಗಸ ಆಡಿಸಿದಾಗ ಪುಡಿಯಾಗುವ ಮರ ಇಲ್ಲಿ ಉಳಿಯುತ್ತದೆ. ಸಣ್ಣ ವಯಸ್ಸಿನ, ಸಣ್ಣ ಸುತ್ತಳತೆಯ ಮರವೂ ಸಾಕು. ಕಾಡಿನ ಲೆಕ್ಕದಲ್ಲಿ ಹೇಳುವುದಾದರೆ ಇವತ್ತಿನ ಪ್ಲೈವುಡ್ ಒಳಗಿನ ಮರ ಅಷ್ಟೇನೂ ಪಾಪದ್ದಲ್ಲ.

ಒಳಗಿನ ಮರ ಅಂದೆ. ಮೇಲಿನ ಫೇಸ್ ಬೇರೆ ಕಥೆ. ಅರ್ಧ ಮಿಲಿಮೀಟರ್‌ಗಿಂತ ತೆಳುವಾದ ಆ ಕೆಂಪು ಪದರ ಗರ್ಜನ್ ಮರದ್ದು, ಅದು ಬಹಳ ಕಾಲ ಮ್ಯಾನ್ಮಾರ್ ಕಾಡಿನಿಂದ ಬರುತ್ತಿತ್ತು. 2014ರಲ್ಲಿ ಅವರು ದಿಮ್ಮಿ ರಫ್ತು ನಿಲ್ಲಿಸಿದರು. ಗ್ಯಾಬೊನ್‌ನ ಒಕೂಮೆಯೂ ಈಗ ಫೇಸ್‌ಗೆ ಬಳಕೆಯಲ್ಲಿದೆ. ಅವರೂ 2010ರಲ್ಲೇ ದಿಮ್ಮಿ ರಫ್ತು ನಿಷೇಧಿಸಿದರು, ಹಾಗಾಗಿ ಸುಲಿದ ಪದರವಾಗಿಯೇ ಬರುತ್ತದೆ. ಮೇಲೆ ಹೇಗೂ ಲ್ಯಾಮಿನೇಟ್ ಅಂಟಿಸುತ್ತೀರಿ. ಅದರಡಿ ಮುಚ್ಚಿಹೋಗುವ ಪದರಕ್ಕೆ ಉಷ್ಣವಲಯದ ಕಾಡಿನ ಮರ ಯಾಕೆ ಬೇಕು ಅಂತ ಗಿರಾಕಿ ಯಾರೂ ಕೇಳುವುದಿಲ್ಲ. ಕೆಂಪಗಿದ್ದರೆ ಗಟ್ಟಿ ಅಂದುಕೊಳ್ಳುತ್ತಾರೆ.

ಕೋಲಾರದ_ಹುಡುಗ
ನೀಲಗಿರಿ ಹೊಲದ್ದು, ಪಾಪದ್ದಲ್ಲ ಅಂದಿರಲ್ಲ ಸರ್, ನಮ್ಮ ಊರಿಗೆ ಬಂದು ಬತ್ತಿದ ಬೋರ್‌ವೆಲ್ ನೋಡಿ. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬೇಡಿ ಅಂದಿತು. ರಾಗಿ ಬೆಳೆಯುತ್ತಿದ್ದ ಹೊಲ ಅವು.

ಅಂಟುಕೆಲಸ
ಒಪ್ಪಿದೆ. ನೀಲಗಿರಿ ಕಾಡನ್ನು ಉಳಿಸಿರಬಹುದು, ನಿಮ್ಮ ನೀರನ್ನು ಉಳಿಸಲಿಲ್ಲ.

ಕೆಂಗೇರಿಯವಳು
ಇಷ್ಟೆಲ್ಲಾ ಓದಿ ತಲೆ ಗಿರ್ ಅಂತಿದೆ. ಆದರೂ ಒಳ್ಳೆಯದಾಯಿತು. ಇನ್ನೊಂದು ಪ್ರಶ್ನೆ. ನಾದಿನಿ ಮನೆಯಲ್ಲಿ ಹೊಸ ವಾರ್ಡ್‌ರೋಬ್ ಬಾಗಿಲು ತೆಗೆದರೆ ಕಣ್ಣು ಉರಿಯುತ್ತದೆ. ಇದು ಅಂಟಿನ ವಾಸನೆಯಾ? ಮಗುವಿನ ರೂಮಿಗೆ ಅದನ್ನು ಹಾಕಬಹುದಾ?

ಅಂಟುಕೆಲಸ
ಹೌದು, ಅದು ಫಾರ್ಮಾಲ್ಡಿಹೈಡ್ ಇರುವ ಸಾಧ್ಯತೆಯೇ ಜಾಸ್ತಿ. ಕಡಿಮೆ ಬೆಲೆಯ ಪ್ಲೈ, ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗೆ ಬಳಸುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಅಗ್ಗ, ಬಣ್ಣ ಕಾಣುವುದಿಲ್ಲ, ಬೇಗ ಕೂರುತ್ತದೆ. ಆದರೆ ಬಿಸಿ ಮತ್ತು ತೇವಕ್ಕೆ ನಿಧಾನವಾಗಿ ಬಿಡಿಸಿಕೊಂಡು ಆ ಅನಿಲವನ್ನು ವರ್ಷಗಟ್ಟಲೆ ಹೊರಗೆ ಬಿಡುತ್ತಿರುತ್ತದೆ. ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು 2004ರಲ್ಲೇ ಸೇರಿಸಿದೆ. ಅಂದ ಮಾತ್ರಕ್ಕೆ ವಾರ್ಡ್‌ರೋಬ್ ತೆಗೆದ ಕೂಡಲೇ ಹೆದರಬೇಡಿ. ಎಷ್ಟು ಪ್ರಮಾಣ, ಎಷ್ಟು ಹೊತ್ತು ಅನ್ನುವುದು ಮುಖ್ಯ. ದಿನವಿಡೀ ಅದರಲ್ಲೇ ಉಸಿರಾಡುವ ಕಾರ್ಖಾನೆಯವರದ್ದು, ಬಡಗಿಗಳದ್ದು ದೊಡ್ಡ ಚಿಂತೆ.

ಏನು ಮಾಡಬಹುದು? ಯೂರಿಯಾ ಅಂಟಿನ ಎಂಆರ್ ಗ್ರೇಡ್ ಬಿಟ್ಟು ಫಿನಾಲ್ ಅಂಟಿನ ಪ್ಲೈ ಕೇಳಿ. ಐಎಸ್ 710 ಅಂತ ಮುದ್ರೆ ಇದ್ದರೆ ಅದು ಮೆರೈನ್, 72 ಗಂಟೆ ನೀರಲ್ಲಿ ಕುದಿಸಿ ಪರೀಕ್ಷೆ ಮಾಡಿದ್ದು. ಆ ಅಂಟು ಗಾಢ ಕಂದು, ಪ್ಲೈ ಅಂಚಿನಲ್ಲಿ ಗೆರೆ ಗೆರೆಯಾಗಿ ಕಾಣುತ್ತದೆ. ಅದರಿಂದ ಅನಿಲ ಬಹಳ ಕಡಿಮೆ. ಬೋರ್ಡ್ ಆದರೆ ಇ1 ಅಥವಾ ಇ0 (ಅನಿಲ ಕಡಿಮೆ ಬಿಡುವ ದರ್ಜೆಗಳು) ಅಂತ ಬರೆದಿರಬೇಕು. ಕೊಯ್ದ ಅಂಚುಗಳನ್ನು, ಕಣ್ಣಿಗೆ ಕಾಣದ ಹಿಂಬದಿಯನ್ನೂ ಮುಚ್ಚಿಸಿ. ಅನಿಲ ಜಾಸ್ತಿ ಬರುವುದು ಅಲ್ಲಿಂದಲೇ. ಕಾರ್ಪೆಂಟರ್ ಗೊಣಗುತ್ತಾರೆ, ಗೊಣಗಲಿ ಬಿಡಿ.

ರೈನ್_ತೀರದ_ಕನ್ನಡಿಗ
ಇಲ್ಲಿ ಯುರೋಪಿನಲ್ಲಿ ಇದಕ್ಕೊಂದು ಮಿತಿ ಹಾಕಿದ್ದಾರೆ. 2023ರ ನಿಯಮದ ಪ್ರಕಾರ 2026ರ ಆಗಸ್ಟ್‌ನಿಂದ ಪೀಠೋಪಕರಣದಿಂದ ಬರುವ ಫಾರ್ಮಾಲ್ಡಿಹೈಡ್ ಪರೀಕ್ಷಾ ಕೋಣೆಯ ಗಾಳಿಯಲ್ಲಿ ಪ್ರತಿ ಘನ ಮೀಟರ್‌ಗೆ 0.062 ಮಿಲಿಗ್ರಾಂ ದಾಟಬಾರದು.

ಇನ್ನೊಂದು ವಿಷಯ. ಜರ್ಮನಿಯಲ್ಲಿ ಹಳೆ ಮರಕ್ಕೇ ಪ್ರತ್ಯೇಕ ಕಾನೂನಿದೆ, 2002ರದ್ದು. ಅಂಟು, ಬಣ್ಣ ಏನೂ ತಾಗದ ಮರ ಒಂದನೇ ದರ್ಜೆ. ಅಂಟು, ಬಣ್ಣ ಇರುವುದು ಎರಡನೆಯದು. ಹೀಗೆ ನಾಲ್ಕು. ಔಷಧಿ ಹೊಡೆದ ಮರ ಕೊನೆಯದು, ಅದನ್ನು ಬೇರೆ ಮರದ ಜೊತೆ ಬೆರೆಸುವ ಹಾಗಿಲ್ಲ. ಒಳ್ಳೆಯ ದರ್ಜೆಯದ್ದರಲ್ಲಿ ಒಂದಷ್ಟು ಚೂರಾಗಿ ಮತ್ತೆ ಪಾರ್ಟಿಕಲ್ ಬೋರ್ಡ್ ಆಗುತ್ತದೆ. ಬೋರ್ಡ್ ಅಂದರೆ ಕೆಟ್ಟದ್ದು ಅಂತ ಸಾರಾಸಗಟಾಗಿ ಹೇಳಬೇಡಿ ಕೀಸುಳಿ ಅವರೇ. ಹಳೆ ಮರದಿಂದ ಆದ ಬೋರ್ಡ್‌ಗೆ ಹೊಸ ಮರ ಕಡಿದಿಲ್ಲ ಅಲ್ವಾ?

ಕೀಸುಳಿ
ಅಲ್ಲಿ ಸರಿ. ಇಲ್ಲಿ ಹಳೆ ಸೋಫಾ, ಹಳೆ ವಾರ್ಡ್‌ರೋಬ್ ಹೋಗುವುದು ಕೆರೆ ಏರಿಗೆ, ಇಲ್ಲ ಸೈಟ್ ಖಾಲಿ ಇದ್ದಲ್ಲಿಗೆ. ಅದನ್ನು ದರ್ಜೆ ಮಾಡಿ ಬೇರ್ಪಡಿಸುವವರು ಯಾರು?

ಬೀರು_ಬಸಣ್ಣ
ಏನ್ ಗುರುಗಳೇ ಇಷ್ಟುದ್ದ. ಕಬ್ಬಿಣದ ಬೀರು ತಗೊಳ್ಳಿ. ಮರ ಬೇಡ, ಅಂಟು ಬೇಡ, ಗೆದ್ದಲು ಬೇಡ. ನಮ್ಮವ್ವನ ಮದುವೆಗೆ ಕೊಟ್ಟ ಬೀರು ಇವತ್ತಿಗೂ ಐತಿ.

ಲೆಕ್ಕದಮೇಷ್ಟ್ರು
ಬಸಣ್ಣ, ನೀವು ತಮಾಷೆಗೆ ಹೇಳಿದರೂ ಲೆಕ್ಕ ಹಾಕಬೇಕಾದ ಮಾತು. ಭಾರತದಲ್ಲಿ ಒಂದು ಟನ್ ಉಕ್ಕು ಮಾಡಲು ಸುಮಾರು 2.5 ಟನ್ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ. 80 ಕೆಜಿ ಬೀರು ಅಂದರೆ 200 ಕೆಜಿ. ಮರದ್ದಕ್ಕಿಂತ ಶುರುವಿನಲ್ಲೇ ಜಾಸ್ತಿ. ಜೊತೆಗೆ ಅದಿರು ಬಂದದ್ದು ಬಳ್ಳಾರಿ, ಸಂಡೂರಿನಂಥ ಕಡೆಯಿಂದ. ಅಲ್ಲೂ ಗುಡ್ಡ, ಕಾಡು ಹೋಗಿವೆ.

ಆದರೆ ಬೀರು ಎರಡು ಮೂರು ತಲೆಮಾರು ಬರುತ್ತದೆ. ಕೊನೆಗೆ ಗುಜರಿಯವನು ದುಡ್ಡು ಕೊಟ್ಟು ಒಯ್ಯುತ್ತಾನೆ, ಕರಗಿ ಮತ್ತೆ ಉಕ್ಕಾಗುತ್ತದೆ. 18 ಎಂಎಂ ಪ್ಲೈ ಒಂದು ಶೀಟ್ 30 ಕೆಜಿ ಮೇಲೇ ತೂಗುತ್ತದೆ. ಒಂದು ದೊಡ್ಡ ವಾರ್ಡ್‌ರೋಬ್‌ಗೆ ನಾಲ್ಕೈದು ಶೀಟ್. ಅದನ್ನು ಡಿಸೈನ್ ಹಳೆಯದಾಯಿತು ಅಂತ ಎಂಟು ಹತ್ತು ವರ್ಷಕ್ಕೆ ಕಿತ್ತು ಹಾಕುವವರಾದರೆ ಬಸಣ್ಣನ ಬೀರುವೇ ಮೇಲು. ಸೆಕೆಂಡ್ ಹ್ಯಾಂಡ್ ಬೀರು ಆದರಂತೂ ಕೇಳುವುದೇ ಬೇಡ.

ಬೀರು_ಬಸಣ್ಣ
ನೋಡಿದ್ರಾ! ಹೆಸರು ಸುಮ್ನೆ ಇಟ್ಕೊಂಡಿಲ್ಲ.

ಕಾಫಿಗಿಡ
ಕೊಡಗಿನಿಂದ ಎರಡು ಮಾತು. ಇಲ್ಲಿ ತೋಟದ ನೆರಳಿಗೆ ಮೊದಲು ಕಾಡಿನ ಮರಗಳೇ ಇದ್ದವು. ಅತ್ತಿ, ಹಲಸು, ಮತ್ತಿ, ಬೀಟೆ. ಈಗ ತೋಟ ತೋಟದಲ್ಲೂ ಸಿಲ್ವರ್ ಓಕ್ ಉದ್ದಕ್ಕೆ ಎದ್ದಿದೆ. ಕಾರಣ ಸರಳ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯಲು ಅನುಮತಿಯ ತಲೆನೋವಿಲ್ಲ. ಅದು ಪ್ಲೈವುಡ್‌ಗೆ ಹೋಗುತ್ತದೆ. ರೈತನಿಗೆ ಕಾಸು, ಸರಿ. ಆದರೆ ಅತ್ತಿ ಮರಕ್ಕೆ ಬರುತ್ತಿದ್ದ ಹಕ್ಕಿಗಳು ಸಿಲ್ವರ್ ಓಕ್‌ಗೆ ಬಂದು ಏನು ತಿನ್ನಬೇಕು?

ಮತ್ತೆ ಬೀಟೆ. ಹಳೆ ಮನೆಗಳಲ್ಲಿ ಬೀಟೆ ಮಂಚ ನೋಡಿ ಈಗಲೂ ಕೆಲವರು "ಅಂಥದ್ದೇ ಬೇಕು" ಅನ್ನುತ್ತಾರೆ. ಬೇಡಿ. ಬೀಟೆಯ ಇಡೀ ಕುಲವೇ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಕಳ್ಳ ಸಾಗಣೆ ಇನ್ನೂ ನಿಂತಿಲ್ಲ. ಬಿಲ್ಲು, ಪಾಸ್ ಇಲ್ಲದೆ ಯಾರಾದರೂ ಅಗ್ಗಕ್ಕೆ ಬೀಟೆ ಕೊಡುತ್ತೇನೆ ಅಂದರೆ ಅದು ಎಲ್ಲಿಂದ ಬಂತು ಅಂತ ಕೇಳುವ ಅಗತ್ಯವೇ ಇಲ್ಲ.

ಹೆಬ್ಬೇವು_ನೆಟ್ಟವ
ಎಲ್ಲರೂ ಗಿರಾಕಿ ಕಡೆಯಿಂದ ಮಾತಾಡುತ್ತಿದ್ದೀರಿ, ಬೆಳೆಯುವವನ ಕಥೆಯನ್ನೂ ಕೇಳಿ. "ಆರೇಳು ವರ್ಷಕ್ಕೆ ಕಟಾವು, ಎಕರೆಗೆ ಲಕ್ಷ ಲಕ್ಷ" ಅಂತ ಏಜೆಂಟರು ಹೇಳಿ ಹೆಬ್ಬೇವಿನ ಸಸಿ ಮಾರಿದರು. ಮರ ಬೆಳೆದದ್ದು ನಿಜ, ನೇರವಾಗಿ ಕಂಬದ ಹಾಗೆ ಎದ್ದವು. ಮಾರಲು ಹೋದಾಗ ಕಾರ್ಖಾನೆ ದೂರ, ಸುತ್ತಳತೆ ಕಡಿಮೆ, ಲಾರಿ ಬಾಡಿಗೆ ನಿಮ್ಮದೇ ಅಂತ ಕತ್ತರಿ ಹಾಕಿದರು. ಹೊಲದ ಮರದಿಂದ ಪೀಠೋಪಕರಣ ಆಗಲಿ ಅನ್ನುವುದಾದರೆ ಹೊಲದವನಿಗೂ ಗಿಟ್ಟಬೇಕು. ಇಲ್ಲದಿದ್ದರೆ ಒಂದು ಕಟಾವು ಆದ ಮೇಲೆ ಬುಡ ಕಿತ್ತು ಶುಂಠಿ ಹಾಕುತ್ತಾನೆ.

ಅಂಟುಕೆಲಸ
ನಿಮ್ಮ ಮಾತು ಸತ್ಯ. ತೂಕದ ಲೆಕ್ಕದಲ್ಲಿ ಕೊಳ್ಳುವಾಗ ಒಣಗಿದಷ್ಟೂ ರೈತನಿಗೆ ನಷ್ಟ. ಕಡಿದ ಕೂಡಲೇ ಸಾಗಿಸಲು ಗಾಡಿ ಗೊತ್ತು ಮಾಡಿಕೊಂಡು, ಎರಡು ಮೂರು ಕಡೆ ದರ ಕೇಳಿಯೇ ಕೊಡಲಿ ಹಾಕಿ.

ಕೆಂಗೇರಿಯವಳು
ಸರಿ, ನಾನು ಯೋಚಿಸಿದ್ದು ಹೀಗೆ. ವಾರ್ಡ್‌ರೋಬ್‌ಗೆ ಗೋಡೆ ತುಂಬ ಪ್ಲೈ ಬೇಡ. ರೂಮಿಗೊಂದು ಹಳೆ ಬೀರು, ಬಣ್ಣ ಹೊಡೆಸಿ. ಮಗುವಿನ ರೂಮಿಗೆ ಮಾತ್ರ ಚಿಕ್ಕದೊಂದು 710 ಪ್ಲೈನಲ್ಲಿ, ಅಂಚು ಮುಚ್ಚಿಸಿ. ಮಂಚ, ಮೇಜು ಹಳೆ ಮರದಲ್ಲಿ ಮಾಡಿಸಬಹುದಾ ಅಂತ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಕೇಳಿದರೆ ಸಿಗುತ್ತದಾ? ಅತ್ತೆಗೆ ತೇಗವೂ ಆಯಿತು, ಗೆಳತಿಗೆ ಉತ್ತರವೂ ಆಯಿತು.

ಕೀಸುಳಿ
ಅಲ್ಲಿ ವಿಚಾರಿಸಿ. ಹಳೆ ಮನೆ ಕೆಡವಿಸುವ ಕಾಂಟ್ರಾಕ್ಟರ್ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಜಂತೆ, ಬಾಗಿಲು ಚೌಕಟ್ಟು ಸಿಗುತ್ತದೆ. ಅಷ್ಟು ವರ್ಷ ಒಣಗಿದ ಮರ ಸೊಟ್ಟಗಾಗುವುದು ಕಡಿಮೆ. ನೋಡಿಕೊಳ್ಳಬೇಕಾದದ್ದು ಎರಡು. ಒಂದು, ಒಳಗೆ ಮುರಿದ ಮೊಳೆ ಇರುತ್ತದೆ. ಅಯಸ್ಕಾಂತ ಆಡಿಸಿ ಎಲ್ಲ ಕಿತ್ತ ಮೇಲೇ ಸಾ ಮಿಲ್‌ಗೆ ಕೊಡಿ, ಇಲ್ಲದಿದ್ದರೆ ಅವರ ಬ್ಲೇಡ್ ಹಾಳಾಗಿ ಬೈಯುತ್ತಾರೆ. ಎರಡು, ಸಣ್ಣ ತೂತು ಮತ್ತು ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳ ಹಿಡಿದಿದೆ, ಬಿಟ್ಟುಬಿಡಿ. ಹೊರಗಿನ ಬಿಳಿ ಭಾಗ ಬಿಟ್ಟು ಕೆಚ್ಚು ಮಾತ್ರ ತೆಗೆದುಕೊಳ್ಳಿ.

ಪಾಲಿಶ್ ವಿಷಯ ಯಾರೂ ಎತ್ತಲಿಲ್ಲ. ಪಿಯು, ಮೆಲಮೈನ್ ಎಲ್ಲ ಥಿನ್ನರ್ ಬೆರೆಸಿ ಸ್ಪ್ರೇ ಮಾಡುವುದು. ಫ್ಲಾಟ್ ಒಳಗೆ ಕಿಟಕಿ ಮುಚ್ಚಿಕೊಂಡು, ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹುಡುಗರು ಹೊಡೆಯುತ್ತಾರೆ. ಮರದ ಧೂಳೂ ಕ್ಯಾನ್ಸರ್ ಪಟ್ಟಿಯ ಅದೇ ಮೊದಲ ಗುಂಪಿನಲ್ಲಿದೆ, ನಮಗೆ ಅದನ್ನು ಹೇಳಿದವರೇ ಇಲ್ಲ. ಮಂಚಕ್ಕೆ ಅರಗಿನ ಫ್ರೆಂಚ್ ಪಾಲಿಶ್ ಸಾಕು. ಕೈಯಲ್ಲಿ ಉಜ್ಜುವುದು, ಸ್ಪಿರಿಟ್ ಆರಿದರೆ ಮುಗಿಯಿತು. ಮೇಜಿಗೆ ಬೇಡ, ಬಿಸಿ ಪಾತ್ರೆ ಇಟ್ಟರೆ ಬಿಳಿ ಕಲೆ ಬೀಳುತ್ತದೆ. ಅದಕ್ಕೆ ಅಗಸೆ ಎಣ್ಣೆ ಉಜ್ಜಿಸಿ, ವರ್ಷಕ್ಕೊಮ್ಮೆ ನೀವೇ ಮತ್ತೆ ಹಚ್ಚಬಹುದು. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹಿಡಿಯುತ್ತದೆ. ಹರಡಿ ಒಣಗಿಸಿ.

ಸುಳ್ಯದ_ರಬ್ಬರ್
ಹಳೆ ಮರ ಸಿಗದವರಿಗೆ ರಬ್ಬರ್ ಮರ ಅಂತ ಒಂದಿದೆ, ಮರೆಯಬೇಡಿ. 25-30 ವರ್ಷ ಹಾಲು ಕೊಟ್ಟ ಮೇಲೆ ಹೇಗೂ ಕಡಿಯುತ್ತೇವೆ. ಮೊದಲು ಬರೀ ಸೌದೆಗೆ ಹೋಗುತ್ತಿತ್ತು. ಬೋರಾನ್ ಉಪ್ಪಿನ ದ್ರಾವಣ ಒತ್ತಡದಲ್ಲಿ ಹಾಯಿಸಿ ಒಣಗಿಸಿದರೆ ಒಳ್ಳೆಯ ಪೀಠೋಪಕರಣವಾಗುತ್ತದೆ. ಹಾಗೆ ಮಾಡದೆ ಕೊಟ್ಟರೆ ಮಾತ್ರ ಒಂದೇ ಮಳೆಗಾಲಕ್ಕೆ ಬೂಸ್ಟು, ಹುಳ.

ಬೀರು_ಬಸಣ್ಣ
ಒಂದು ಡೌಟು. ಮನೆ ಕೆಲಸ ಮುಗಿದ ಮೇಲೆ ಉಳಿದ ಪ್ಲೈ ತುಂಡು ಬಚ್ಚಲ ಒಲೆಗೆ ಹಾಕಬಹುದಲ್ವಾ? ಚೆನ್ನಾಗಿ ಉರೀತದೆ.

ಅಂಟುಕೆಲಸ
ಬೇಡವೇ ಬೇಡ. ಗೆದ್ದಲು, ಕುಟ್ಟೆ ಬಾರದಿರಲಿ ಅಂತ ಅಂಟಿಗೇ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಬೆರೆಸುವ ರೂಢಿ ಇದೆ. ಮೇಲೆ ಲ್ಯಾಮಿನೇಟ್, ಅಂಚಿಗೆ ಪಿವಿಸಿ ಪಟ್ಟಿ. ಆ ಹೊಗೆ ಸ್ನಾನ ಮಾಡುವವರ ಮೂಗಿಗೇ ಹೋಗುತ್ತದೆ. ಬೂದಿಯನ್ನು ಪಾತ್ರೆ ತಿಕ್ಕಲು, ಗಿಡಕ್ಕೆ ಹಾಕಲು ಇಡುವವರೂ ಇದ್ದಾರೆ. ದೊಡ್ಡ ತುಂಡುಗಳನ್ನು ಕಾರ್ಪೆಂಟರ್‌ಗೇ ಕೊಟ್ಟುಬಿಡಿ, ಡ್ರಾಯರ್ ತಳಕ್ಕೆ ಬಳಸುತ್ತಾರೆ.

ಅಡಕೆತೋಟ
ಕೊನೆಗೆ ಅಕೇಶಿಯಾ ಬಗ್ಗೆ ಯಾರಾದರೂ ಹೊಗಳಿ ಬರೆಯುತ್ತೀರಿ ಅಂತ ಕಾಯುತ್ತಿದ್ದೆ. "ನಮ್ಮೂರಿಗೆ ಅಕೇಶಿಯಾ ಬೇಡ" ಅಂತ ಮಲೆನಾಡಿನಲ್ಲಿ ಹೋರಾಟ ಮಾಡಿದವರು ನಾವು. ಅದರ ಎಲೆ ಕೊಳೆಯುವುದೇ ನಿಧಾನ, ಅಡಿಯಲ್ಲಿ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ.

ಕೀಸುಳಿ
ಹೊಸದಾಗಿ ನೆಡಿ ಅಂತ ನಾನೂ ಹೇಳುವುದಿಲ್ಲ. ಆದರೆ ಈಗಾಗಲೇ ನೆಟ್ಟು ದೊಡ್ಡದಾದದ್ದನ್ನು ಕಡಿದಾಗ ಅದು ಕಾಗದಕ್ಕೆ, ಸೌದೆಗೆ ಹೋಗಬೇಕಾ? ನಾನು ಅಕೇಶಿಯಾದಲ್ಲಿ ಮಂಚ ಮಾಡಿದ್ದೇನೆ. ಕೆಚ್ಚು ಬಲಿತ ಮರವಾದರೆ ಗಟ್ಟಿ, ನೂಲು ಚೆಂದ, ಬೆಲೆ ತೇಗಕ್ಕಿಂತ ಎಷ್ಟೋ ಕಡಿಮೆ. ಹಸಿ ಮರದಲ್ಲಿ ಮಾಡಿದರೆ ಮಾತ್ರ ಬೇಸಿಗೆಗೆ ಟಪ್ ಅಂತ ಸೀಳುತ್ತದೆ. ಕಡಿದು ಆ ಜಾಗದಲ್ಲಿ ಉಪ್ಪಾಗೆ, ಹಲಸು, ಹೊನ್ನೆ ಬರಲಿ ಅಂತ ನೀವು ಕೇಳಿ, ಕಡಿದದ್ದನ್ನು ನನಗೆ ಕೊಡಿ.

ಅಡಕೆತೋಟ
ಅದಾದರೆ ಒಪ್ಪಿಗೆ. ನಮ್ಮ ಊರಿನ ಗ್ರಾಮ ಅರಣ್ಯ ಸಮಿತಿಯಲ್ಲಿ ಈ ಮಾತು ಎತ್ತುತ್ತೇನೆ. ಅಂದಾಜು ದರ ಎಷ್ಟು, ಯಾವ ಸುತ್ತಳತೆ ಮೇಲಿನದು ನಿಮಗೆ ಆಗುತ್ತದೆ ಅಂತ ಒಂದು ಮೆಸೇಜ್ ಹಾಕಿ.